ಯಲಹಂಕದ ಆಕಾಶದಲ್ಲಿ ದಾಯಾದಿಗಳು

ಯುದ್ಧವಿಮಾನಗಳ ಬಗ್ಗೆ ಬರೆಯಲು ಈ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಏನು ಅಧಿಕಾರವಿದೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಬಹುದು. ಅಧಿಕಾರವೇನೂ ಇಲ್ಲ, ಒಂದು ಋಣವಿದೆ. ಅದನ್ನು ಹೇಳಿಕೊಳ್ಳಲೆಂದೇ ಈ ಬರಹ.

2011ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ನನ್ನನ್ನು ಕರೆದೊಯ್ದವನು ನನ್ನ ಒಬ್ಬ ಶಿಷ್ಯ. ಅವನು ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗ. ಇತಿಹಾಸದಲ್ಲಿ ಅವನಿಗೆ ನಾನು ಮೂವತ್ತೈದಕ್ಕಿಂತ ಹೆಚ್ಚು ಅಂಕ ಕೊಟ್ಟ ನೆನಪಿಲ್ಲ. ಆದರೆ ಶಾಲೆಯ ಕೆಟ್ಟ ಗಡಿಯಾರವನ್ನೂ ಗಂಟೆಯ ಕೊಂಡಿಯನ್ನೂ ಸರಿಮಾಡಿ ಕೊಡುತ್ತಿದ್ದವನು ಅವನೇ. ಆಗ ಪೀಣ್ಯದ ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ಪಂಪುಗಳ ಬಿಡಿಭಾಗಗಳನ್ನು ಮಾಡುತ್ತಿದ್ದ.

ಅಂದು ಕಿವಿ ಗಡಚಿಕ್ಕುವ ಸದ್ದಿನೊಡನೆ ಫ್ರಾನ್ಸಿನ ರಫೇಲ್ ಮೇಲೇರಿತು. ಅದರ ಬಳಿಕ ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ನಾಲ್ಕೂ ಸೇರಿ ಕಟ್ಟಿದ ಯೂರೋಫೈಟರ್ ಟೈಫೂನ್. ಎರಡಕ್ಕೂ ಎರಡೆರಡು ಎಂಜಿನ್, ತ್ರಿಕೋನದ ರೆಕ್ಕೆ, ಮೂಗಿನ ಹಿಂದೆ ಇನ್ನೊಂದು ಜೊತೆ ಪುಟ್ಟ ರೆಕ್ಕೆ. "ಸಾರ್, ಇವೆರಡೂ ಅಣ್ಣತಮ್ಮ ಇದ್ದ ಹಾಗಿವೆಯಲ್ಲ" ಎಂದ. ಅವನ ಊಹೆ ಸರಿಯಾಗಿಯೇ ಇತ್ತು. ಅವು ಪಾಲಾದ ಮನೆಯ ಮಕ್ಕಳು.

ಆ ಪಾಲು ನಡೆದದ್ದು 1985ರ ಆಗಸ್ಟಿನಲ್ಲಿ, ಇಟಲಿಯ ಟ್ಯೂರಿನ್ ನಗರದಲ್ಲಿ. ನಾನು ಬಿ.ಎಡ್. ಮುಗಿಸಿ ಮೊದಲ ಶಾಲೆಗೆ ಸೇರಿದ್ದು ಅದೇ ವರ್ಷ. ಐದು ದೇಶಗಳು ಕೂಡಿ ಒಂದೇ ವಿಮಾನ ಕಟ್ಟುವ ಮಾತುಕತೆ ಅಲ್ಲಿ ಮುರಿಯಿತು. ಫ್ರಾನ್ಸಿಗೆ ಹಡಗಿನ ಮೇಲೂ ಇಳಿಯಬಲ್ಲ ಹಗುರವಾದ ವಿಮಾನ ಬೇಕಿತ್ತು. ಎಂಜಿನ್ ತನ್ನದೇ ಆಗಿರಬೇಕು, ಯಜಮಾನಿಕೆಯೂ ತನಗೇ ಸಲ್ಲಬೇಕು ಎಂಬುದು ಅದರ ಹಟ. ಉಳಿದವರು ಒಪ್ಪಲಿಲ್ಲ. ಮರುವರ್ಷ, 1986ರ ಜುಲೈ 4ರಂದು, ರಫೇಲಿನ ಮೊದಲ ಮಾದರಿ ಹಾರಿತು. ಐದೇ ವಾರಗಳಲ್ಲಿ ಟೈಫೂನಿಗೆ ದಾರಿ ತೋರಿದ ಬ್ರಿಟನ್ನಿನ ಪ್ರಯೋಗ ವಿಮಾನವೂ ಹಾರಿತು. ಈ ಜಗಳದಿಂದ ದೂರವಿದ್ದ ಸ್ವೀಡನ್ ಒಂದೇ ಎಂಜಿನ್ನಿನ, ಅಗ್ಗದ ಗ್ರಿಪೆನ್ ಕಟ್ಟಿತು. ಅಂದಿನಿಂದ ಮೂವರೂ ಒಂದೇ ಗಿರಾಕಿಯ ಬಾಗಿಲು ತಟ್ಟುತ್ತಿದ್ದಾರೆ.

ಆ ಗಿರಾಕಿಗಳ ಪೈಕಿ ನಮ್ಮ ದೇಶವೂ ಒಂದು. 126 ವಿಮಾನಗಳಿಗಾಗಿ 2007ರಲ್ಲಿ ಟೆಂಡರ್ ಕರೆದಾಗ ಈ ಮೂರರೊಂದಿಗೆ ಅಮೆರಿಕದ ಎರಡು, ರಷ್ಯದ ಒಂದು ವಿಮಾನ ಕಣಕ್ಕಿಳಿದವು. ಬೆಂಗಳೂರಿನಲ್ಲಿ, ಜೈಸಲ್ಮೇರದ ಬಿಸಿಲಿನಲ್ಲಿ, ಲೇಹ್‌ನ ಎತ್ತರದಲ್ಲಿ ಅವುಗಳ ಪರೀಕ್ಷೆ ನಡೆಯಿತು. 643 ಅಂಶಗಳಲ್ಲಿ ಪರೀಕ್ಷಿಸಿದರೆಂದು ಪತ್ರಿಕೆಯಲ್ಲಿ ಓದಿ ನನಗೆ ರೋಮಾಂಚನವಾಯಿತು. ಇಂಥ ಕಟ್ಟುನಿಟ್ಟಿನ ಪ್ರಶ್ನೆಪತ್ರಿಕೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ! 2011ರ ಏಪ್ರಿಲಿನಲ್ಲಿ ಉತ್ತೀರ್ಣವಾದವು ಎರಡೇ, ಆ ದಾಯಾದಿಗಳು. ಬಳಿಕ ಬೆಲೆಯ ಲೆಕ್ಕ. ಕೊಂಡ ಬೆಲೆಯೊಂದೇ ಅಲ್ಲ, ಬಾಳಿಕೆಯುದ್ದಕ್ಕೂ ತಗಲುವ ಖರ್ಚನ್ನೂ ಕೂಡಿಸಿ ನೋಡಿ, 2012ರ ಜನವರಿ 31ರಂದು ರಫೇಲ್ ಅಗ್ಗವೆಂದು ಪ್ರಕಟವಾಯಿತು. ಬ್ರಿಟನ್ನಿನ ಪ್ರಧಾನಿ ಕ್ಯಾಮರೂನ್ ತಮ್ಮ ಸಂಸತ್ತಿನಲ್ಲಿಯೇ, ಭಾರತದ ಮನಸ್ಸನ್ನು ಟೈಫೂನಿನತ್ತ ತಿರುಗಿಸಲು ಕೈಲಾದುದನ್ನೆಲ್ಲ ಮಾಡುವೆನೆಂದರು. ಫಲಿತಾಂಶ ಬಂದ ಮೇಲೆ ಶಾಲೆಗೆ ಬರುವ ಪೋಷಕರ ನೆನಪಾಗಿ ನಕ್ಕಿದ್ದೆ.

ಆ ಭಾನುವಾರ ಶಿಷ್ಯ ಮನೆಗೆ ಬಂದ. 126ರಲ್ಲಿ 108 ವಿಮಾನಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲಿಯೇ ತಯಾರಾಗಬೇಕಿದ್ದವು. ಬಿಡಿಭಾಗಗಳ ಕೆಲಸ ಸಣ್ಣ ಶೆಡ್ಡುಗಳವರೆಗೂ ಹರಿದುಬರುತ್ತದೆ ಎಂಬ ಮಾತು ಪೀಣ್ಯದ ತುಂಬ ಹಬ್ಬಿತ್ತಂತೆ. ಸಾಲ ಮಾಡಿ ಸಿಎನ್‌ಸಿ ಯಂತ್ರ ಕೊಳ್ಳಲೇ ಎಂಬುದು ಅವನ ಪ್ರಶ್ನೆ. ಹೆಂಡತಿಯ ಒಡವೆಯನ್ನೂ ಅಡವಿಡಬೇಕಾಗುತ್ತದೆ ಎಂದ. ನಾನು ಕಾಫಿ ಹೀರುತ್ತಾ, "ಫಲಿತಾಂಶವೇ ಪ್ರಕಟವಾದ ಮೇಲೆ ಅನುಮಾನವೇತಕ್ಕೆ? ಧೈರ್ಯ ಮಾಡು" ಎಂದೆ. ಅವನು ಕಾಲಿಗೆರಗಿ ಹೋದ.

ಮೊದಲ ಸ್ಥಾನ ಬಂದವರಿಗೆಲ್ಲ ಸೀಟು ಸಿಗುವುದಿಲ್ಲ ಎಂಬುದು ಮೇಷ್ಟ್ರಾದ ನನಗೆ ತಿಳಿಯದ ಸಂಗತಿಯೇ? ಮಾತುಕತೆ ಮೂರು ವರ್ಷ ಎಳೆಯಿತು. ಇಲ್ಲಿ ತಯಾರಾಗುವ 108 ವಿಮಾನಗಳ ಹೊಣೆ ಯಾರದೆಂಬ ಪ್ರಶ್ನೆ ಬಗೆಹರಿಯಲೇ ಇಲ್ಲ. 2015ರ ಏಪ್ರಿಲಿನಲ್ಲಿ, ಫ್ರಾನ್ಸಿನಲ್ಲಿಯೇ ಸಿದ್ಧವಾದ 36 ವಿಮಾನಗಳನ್ನು ಕೊಳ್ಳುವ ಘೋಷಣೆ ಪ್ಯಾರಿಸಿನಿಂದ ಬಂತು. ಹಳೆಯ ಟೆಂಡರ್ ರದ್ದಾಯಿತು. ದೇಶದ ದೃಷ್ಟಿಯಿಂದ ಅದು ಸರಿಯೋ ತಪ್ಪೋ, ಆ ವಾದದಲ್ಲಿ ಪಕ್ಷ ವಹಿಸಲು ನನಗೆ ಮನಸ್ಸಿಲ್ಲ. ಯಂತ್ರ ಅರ್ಧ ಬೆಲೆಗೆ ಹೋಯಿತು. ಒಡವೆ ಬಿಡಿಸಿಕೊಳ್ಳಲು ಅವನಿಗೆ ಆರು ವರ್ಷ ಹಿಡಿಯಿತು. ಒಂದು ದಿನವೂ ನನ್ನನ್ನು ದೂರಲಿಲ್ಲ, ದೂರಿದ್ದರೆ ಹಗುರವಾಗುತ್ತಿತ್ತು.

ಅಂದಿನಿಂದ ಈ ವಿಮಾನಗಳ ಸುದ್ದಿಯನ್ನು ಬಿಡದೆ ಓದುತ್ತೇನೆ. ಸ್ವಿಟ್ಜರ್ಲೆಂಡ್ 2011ರಲ್ಲಿ ಗ್ರಿಪೆನ್ ಆರಿಸಿತು. 2014ರಲ್ಲಿ ಅಲ್ಲಿನ ಮತದಾರರು ಆ ಖರೀದಿಯ ಹಣವನ್ನೇ ತಿರಸ್ಕರಿಸಿದರು. ಮೊದಲ ಹಾರಾಟದ ನಂತರ 29 ವರ್ಷ ಹೊರದೇಶದ ಒಬ್ಬ ಗಿರಾಕಿಯೂ ಇಲ್ಲದಿದ್ದ ರಫೇಲ್ ಅನ್ನು 2015ರಲ್ಲಿ ಮೊದಲು ಈಜಿಪ್ಟ್, ಬಳಿಕ ಕತಾರ್ ಕೊಂಡವು. ಕತಾರ್ ಎರಡೇ ವರ್ಷಗಳಲ್ಲಿ 24 ಟೈಫೂನುಗಳಿಗೂ ಒಪ್ಪಂದ ಮಾಡಿಕೊಂಡಿತು. ದಾಯಾದಿಗಳಿಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಮನೆ! ಆದರೆ ಸ್ವೀಡನ್ನಿನ ನೆರೆಯ ಫಿನ್ಲೆಂಡ್ 2021ರಲ್ಲಿ ಮೂವರನ್ನೂ ಕಳುಹಿಸಿ ಅಮೆರಿಕದ 64 ಎಫ್-35ಗಳನ್ನು ಆರಿಸಿಕೊಂಡಿತು. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಗದ್ದೆ ಯಾರ ಪಾಲಾಗುತ್ತದೆಂದು ನಮ್ಮ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಿಲ್ಲ.

2025ರ ಜೂನ್ ತಿಂಗಳಲ್ಲಿ ಶಿಷ್ಯ ಮೊಬೈಲಿಗೆ ಒಂದು ಸುದ್ದಿ ಕಳುಹಿಸಿದ. ರಫೇಲಿನ ಒಡಲಿನ ಭಾಗಗಳನ್ನು ಭಾರತದಲ್ಲಿ ತಯಾರಿಸಲು ಡಸೋ ಮತ್ತು ಟಾಟಾ ಕಂಪನಿಗಳು ಒಪ್ಪಂದ ಮಾಡಿಕೊಂಡಿದ್ದವು, ಕಾರ್ಖಾನೆ ಹೈದರಾಬಾದಿನಲ್ಲಿ. ಅದರ ಕೆಳಗೆ ಅವನ ಒಂದೇ ಸಾಲು: "ಮಗ ಡಿಪ್ಲೊಮಾ ಮುಗಿಸಿದ್ದಾನೆ ಸಾರ್, ಅಲ್ಲಿಗೆ ಕಳಿಸಲೇ?"

ಎರಡು ದಿನ ಯೋಚಿಸಿದೆ. ಕಡೆಗೆ, ಮಗನನ್ನೇ ಕೇಳಪ್ಪ, ನನ್ನನ್ನಲ್ಲ ಎಂದು ಬರೆದು ಕಳುಹಿಸಿದೆ.