ಕವರ್ ಇದೆಯಾ?

ಸೊಪ್ಪಿನ ಗಾಡಿಯ ಮುಂದೆ ಬೆಲೆಗಿಂತ ಮೊದಲು ಕೇಳಿಬರುವ ಮಾತು ‘ಕವರ್ ಇದೆಯಾ?’ ಎಂಬುದು. ಇಲ್ಲವೆಂದರೆ ಆರಿಸಿಟ್ಟ ಕೊತ್ತಂಬರಿ ಕಟ್ಟನ್ನು ಅಲ್ಲೇ ಬಿಟ್ಟು ಪಕ್ಕದ ಗಾಡಿಗೆ ಹೋಗುವವರಿದ್ದಾರೆ. ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ ಕೂಡದೆಂದು ಕರ್ನಾಟಕ ಸರ್ಕಾರ ಆದೇಶಿಸಿದ್ದು 2016ರ ಮಾರ್ಚ್‌ನಲ್ಲಿ. ಅಂದಿನಿಂದ ಆ ಆದೇಶದ ಭಾರವನ್ನು ಹೆಚ್ಚಾಗಿ ಹೊತ್ತವರು ಗಾಡಿಯವರೇ. ಕವರ್ ಕೊಟ್ಟರೆ ದಂಡ, ಕೊಡದಿದ್ದರೆ ಗಿರಾಕಿ ಇಲ್ಲ. ಬರಿಗೈ ಬೀಸಿಕೊಂಡು ಬಂದವರನ್ನು ಮಾತ್ರ ಯಾರೂ ತಡೆದು ಕೇಳುವುದು ಕಾಣೆ. ಇದು ನ್ಯಾಯವಲ್ಲ.

ಮನೆಯಿಂದ ತಂದ ಚೀಲವನ್ನು ತುಂಬಿಸುವುದೂ ಒಂದು ಜಾಣ್ಮೆ. ಆಲೂಗಡ್ಡೆ, ಈರುಳ್ಳಿ ತಳಕ್ಕೆ, ಅದರ ಮೇಲೆ ಬದನೆ, ಹುರುಳಿಕಾಯಿ, ಟೊಮೆಟೊ ಆಮೇಲೆ, ಸೊಪ್ಪು ಎಲ್ಲಕ್ಕೂ ಮೇಲೆ, ಚೀಲದ ಬಾಯಿಂದ ಇಣುಕುತ್ತಿರಬೇಕು. ಹಾಗಾಗಿ ಸಂತೆಯಲ್ಲಿ ಕೊಳ್ಳುವ ವರಸೆಯೂ ಅದೇ ಆಗಿತ್ತು. ಒಂದೊಂದಕ್ಕೂ ಒಂದೊಂದು ಕವರ್ ಸಿಗತೊಡಗಿದ ಮೇಲೆ ಅದರ ಅಗತ್ಯವೇ ಬೀಳಲಿಲ್ಲ. ಸಾಮಾನು ಸುತ್ತಿಕೊಡಲು ಎಲೆಯ ಬಳಕೆ ಮಾತ್ರ ಅಲ್ಲಲ್ಲಿ ಉಳಿದಿದೆ. ಹೂವಿನವರು ಬಾಳೆಲೆಯಲ್ಲಿ ಸುತ್ತಿಕೊಟ್ಟ ಮಲ್ಲಿಗೆ ಮನೆ ತಲುಪುವವರೆಗೂ ಬಾಡುವುದಿಲ್ಲ. ಕರಾವಳಿಯಲ್ಲಿ ಮೀನಿಗೆ ಸಾಗುವಾನಿ ಎಲೆ ಸುತ್ತುತ್ತಿದ್ದರು.

ನನಗೆ ಹೆಚ್ಚು ಕಳವಳ ತಂದಿರುವುದು ಬಟ್ಟೆಯ ವೇಷ ತೊಟ್ಟು ಬಂದ ಚೀಲ. ಅಂಗಡಿಯವರೂ ಅದನ್ನು ಬಟ್ಟೆ ಚೀಲವೆಂದೇ ಕೊಡುತ್ತಾರೆ, ನಾವೂ ನೆಮ್ಮದಿಯಿಂದ ತರುತ್ತೇವೆ. ಅದು ನೇಯ್ದದ್ದಲ್ಲ, ಪಾಲಿಪ್ರೊಪಿಲೀನ್ ಎಳೆಗಳನ್ನು ಕಾವು ಕೊಟ್ಟು ಅಂಟಿಸಿದ್ದು. ಅದರ ಚೂರೊಂದನ್ನು ಬೆಂಕಿಗೆ ಹಿಡಿದರೆ ಹತ್ತಿಯಂತೆ ಬೂದಿಯಾಗದು, ಕರಗಿ ಗಂಟು ಕಟ್ಟುತ್ತದೆ. ಮದುವೆಮನೆಯ ತಾಂಬೂಲದ ಚೀಲದ ಜಾಗವನ್ನೂ ಈಗ ಇದೇ ಆಕ್ರಮಿಸಿದೆ. ವಧೂವರರ ಹೆಸರು ಅಚ್ಚಾದ ಹಿಂದಿನ ದಪ್ಪ ಬಟ್ಟೆಯ ಚೀಲಗಳು ಹೆಸರು ಮಾಸುವವರೆಗೂ ಸಂತೆಗೆ ಹೋಗಿಬರುತ್ತಿದ್ದವು. ಈ ಹೊಸ ಚೀಲದ ಹಿಡಿ ಕೆಲವೇ ಸಲಕ್ಕೆ ಕಿತ್ತುಬರುತ್ತದೆ. ಮದುವೆ ಮಾಡುವವರು ತೆಂಗಿನಕಾಯಿಯ ಜೊತೆಗೆ ನಿಜವಾದ ಬಟ್ಟೆಯ ಚೀಲವನ್ನೇ ಕೊಡಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಒಣ ಸಾಮಾನಿಗೆ ಚೀಲ ಸಾಕು. ಕಷ್ಟವಿರುವುದು ದೋಸೆ ಹಿಟ್ಟು, ಮೊಸರು, ಮಾಂಸ, ಹೋಟೆಲಿನ ಸಾಂಬಾರಿನಲ್ಲಿ. ಇವಕ್ಕೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯೇ ಗತಿ. ‘ಡಬ್ಬಿ ತೂಕ ಕಳೆಯೋದು ಯಾರು ಸ್ವಾಮಿ?’ ಎಂದು ಅಂಗಡಿಯವರು ಮುಖ ಗಂಟಿಕ್ಕಿದರೆ, ಖಾಲಿ ಡಬ್ಬಿಯನ್ನೇ ಮೊದಲು ತಕ್ಕಡಿಗಿಟ್ಟು ಸೊನ್ನೆ ಮಾಡಿಕೊಳ್ಳಲು ಹೇಳಬೇಕು. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅದಕ್ಕೆ ಒಂದು ಗುಂಡಿ ಒತ್ತಿದರೆ ಆಯಿತು.