ರಾಮನಗರದ ಬಂಡೆಯ ಮೇಲೊಂದು ರಾತ್ರಿ

ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹೆಸರಾದ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂದು ಹೆಸರಿತ್ತು. ಊರು ಆ ಹೆಸರನ್ನು ಕಳಚಿಹಾಕಿದರೂ ಭೂವಿಜ್ಞಾನಿಗಳು ಬಿಟ್ಟಿಲ್ಲ. ಇಲ್ಲಿನ ಬೆಟ್ಟಗಳ ಕಲ್ಲು ಅವರ ಗ್ರಂಥಗಳಲ್ಲಿ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’. ಅದರ ವಯಸ್ಸು ಸುಮಾರು 250 ಕೋಟಿ ವರ್ಷ.

ಕಳೆದ ಯುಗಾದಿಯ ಮುನ್ನಾದಿನದ ಅಮಾವಾಸ್ಯೆಯ ರಾತ್ರಿ, ಮಾಗಡಿಯ ದಾರಿಯಲ್ಲಿ ಅಂಥದೊಂದು ಬಂಡೆಯ ಮೇಲೆ ಕುಳಿತಿದ್ದೆವು. ಭೌತಶಾಸ್ತ್ರದ ಅಧ್ಯಾಪಕರಾದ ಮಿತ್ರರು ಹತ್ತು ಅಂಗುಲದ ದೂರದರ್ಶಕವನ್ನು ಕನ್ಯಾರಾಶಿಯತ್ತ ತಿರುಗಿಸಿ, “ನೋಡಿ ಮೇಷ್ಟ್ರೇ” ಎಂದರು. ಕಂಡದ್ದು ಸಾಸಿವೆಯಷ್ಟೂ ಇಲ್ಲದ ಮಂಕು ಚುಕ್ಕೆ. ಹೆಸರೋ, ಕವಿಗಳಿಗೆ ಒಗ್ಗದ ‘3ಸಿ 273’. ಅದು ನಕ್ಷತ್ರವಲ್ಲ, ಬಹುದೂರದ ಕ್ವೇಸಾರ್ ಎಂಬುದನ್ನು 1963ರಲ್ಲಿ ಮಾರ್ಟೆನ್ ಶ್ಮಿಟ್ ತೋರಿಸಿದರು. ನನ್ನ ಕಣ್ಣಿಗೆ ಬಿದ್ದ ಬೆಳಕು ಸುಮಾರು 200 ಕೋಟಿ ವರ್ಷ ಹಾದಿ ಸವೆಸಿತ್ತು. ಅದು ಹೊರಟಾಗಲೇ ನಾವು ಕುಳಿತ ಕಲ್ಲು ಹಳೆಯದಾಗಿತ್ತು!

ಆ ಚುಕ್ಕೆ ಒಂದೇ ಸಮನೆ ಬೆಳಗುವುದಿಲ್ಲ. ಹಾರ್ವರ್ಡಿನಲ್ಲಿ 1887ರಿಂದ ಕೂಡಿಟ್ಟಿದ್ದ ಛಾಯಾಚಿತ್ರ ಫಲಕಗಳನ್ನು 1963ರಲ್ಲಿ ಸ್ಮಿತ್ ಮತ್ತು ಹಾಫ್ಲೀಟ್ ಪರೀಕ್ಷಿಸಿದಾಗ, ಅದರ ಕಾಂತಿ ಏರಿಳಿಯುತ್ತಲೇ ಬಂದದ್ದು ತಿಳಿಯಿತು. 1965ರಲ್ಲಿ ಡೆಂಟ್ ಅದರ ರೇಡಿಯೋ ಅಲೆಗಳಲ್ಲೂ ಏರಿಳಿತ ಕಂಡರು.

ಇದರಲ್ಲಿ ಅಚ್ಚರಿಯೇನು? ರಾಮನಗರದಿಂದ ಚನ್ನಪಟ್ಟಣದವರೆಗೆ ಪಂಜಿನವರನ್ನು ಸಾಲಾಗಿ ನಿಲ್ಲಿಸಿ, ಓಲೆಕಾರನೊಬ್ಬನ ಕೈಯಲ್ಲಿ ಅಪ್ಪಣೆ ಕಳುಹಿಸಿದೆವೆನ್ನಿ. ಅವನು ಓಡಿ ಮುಟ್ಟುವುದರೊಳಗೆ ಸಾಲೆಲ್ಲ ಬೆಳಗಲಾರದು. ಆಕಾಶದ ಓಲೆಕಾರ ಬೆಳಕು, ಅದಕ್ಕಿಂತ ವೇಗದವನಿಲ್ಲ. ಕೆಲವೇ ವಾರಗಳಲ್ಲಿ ಕಾಂತಿ ಬದಲಾದರೆ, ಉರಿಯುವ ಎಡೆ ಸ್ಥೂಲವಾಗಿ ಬೆಳಕು ಅಷ್ಟು ವಾರಗಳಲ್ಲಿ ದಾಟುವುದಕ್ಕಿಂತ ಹಿರಿದಾಗಿರಲಾರದು. ಅಷ್ಟು ಕಿರಿದಾದ ಎಡೆ ಇಡೀ ನಕ್ಷತ್ರಕೋಟಿಯನ್ನು ನಾಚಿಸುತ್ತದೆ! ಒಳಗಿರುವುದು ಅನಿಲವನ್ನು ಕಬಳಿಸುವ ಮಹಾ ಕಪ್ಪುಕುಳಿ. ಅದರ ಬಳಿಯಿಂದ ಚಿಮ್ಮುವ ಧಾರೆಯೊಂದುಂಟು. ಧಾರೆಯ ಬುಡ ರೇಡಿಯೋ ಅಲೆಗಳಿಗೆ ಅಪಾರದರ್ಶಕ. ಅಲ್ಲೆದ್ದ ಉರಿ ಹಿಗ್ಗಿ ತೆಳುವಾದಂತೆ ಮೊದಲು ಕಿರಿಯ ಅಲೆಗಳೂ ತಡವಾಗಿ ಉದ್ದನೆಯವೂ ಹೊರಬರುತ್ತವೆ. ಆದ್ದರಿಂದ ಕಣ್ಣಿಗೆ ಕಂಡ ಬೆಳಗು ರೇಡಿಯೋದಲ್ಲಿ ಎಷ್ಟೋ ತಿಂಗಳ ಮೇಲೆ ಕಾಣಿಸಬಹುದು. ಕೆಲವೊಮ್ಮೆ ಕಾಣಿಸದೆಯೂ ಹೋಗುತ್ತದೆ.

ಬ್ಯಾಲಾಳಿನ 32 ಮೀಟರಿನ ಆಂಟೆನಾ ಇಲ್ಲಿಗೆ ಬಹು ದೂರವಲ್ಲ. ಅದರ ಕೆಲಸ ವ್ಯೋಮನೌಕೆಗಳೊಡನೆ ಮಾತುಕತೆ. ಆದರೆ 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಕ್ಷ-ಕಿರಣಗಳಲ್ಲೂ ನೇರಳಾತೀತದಲ್ಲೂ ಕಂಡದ್ದೆಲ್ಲ ಜೋಪಾನವಾಗಿರುವುದು ಅದೇ ಊರಿನ ದತ್ತಾಂಶ ಕೇಂದ್ರದಲ್ಲಿ.

ತೋಟ ಕಾಯಲು ಬಂದಿದ್ದ ಮುದುಕರೊಬ್ಬರು ಕಣ್ಣಿಟ್ಟು ನೋಡಿ, “ಇದಕ್ಕಾ ಸ್ವಾಮಿ, ನಿದ್ದೆಗೆಟ್ಟಿದ್ದು?” ಎಂದರು. ಮಿತ್ರರು ನಕ್ಕರು. ಚುಕ್ಕೆಯ ಕಾಂತಿಯನ್ನು ಅಕ್ಕಪಕ್ಕದ ನಕ್ಷತ್ರಗಳೊಡನೆ ತೂಗಿ ವರ್ಷವರ್ಷವೂ ಬರೆದಿಡುವುದು ಅವರ ರೂಢಿ. ಹೋಲಿಕೆಗೆ ಬೇಕಾದ ಅತಿ ಮಬ್ಬಿನದೊಂದು ಈ ಸಲ ಸಿಗಲೇ ಇಲ್ಲ. ಈಶಾನ್ಯದಿಂದ ಬೆಂಗಳೂರಿನ ಬೆಳಕು ಅಷ್ಟು ಮೇಲೇರಿತ್ತು. ಅವರು ಪುಸ್ತಕದಲ್ಲಿ ಆ ದಿನದ ಅಂಕಿ ಬರೆದು, ಪಕ್ಕಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.