ಬೀಸಿದ ಕೈಗೂ ಬೆಲೆಯುಂಟು

ಸೆಣಸುವ ಬಯಕೆ ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದದ್ದು. ಅದು ಮೊದಲು ಕಾಣಿಸಿಕೊಳ್ಳುವುದು ಮಕ್ಕಳ ಆಟದಲ್ಲಿ. ಗರಡಿಮನೆಯ ಕೆಮ್ಮಣ್ಣಿನಲ್ಲಿ ನಡೆಯುತ್ತಿದ್ದ ಆ ಸೆಣಸಾಟಕ್ಕೆ 1990ರ ದಶಕದಲ್ಲಿ ಟಿ.ವಿ.ಯ ಪರದೆಯೂ ಒಂದು ಕಣವಾಯಿತು. ಆ ವರ್ಷಗಳಲ್ಲಿ ಕನ್ನಡ ನಾಡಿನ ಮನೆಗಳಿಗೆ ಬಂದ 'ವಿಡಿಯೋ ಗೇಮ್' ಪೆಟ್ಟಿಗೆಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಫ್ಯಾಮಿಲಿ ಕಂಪ್ಯೂಟರಿನ ನಕಲುಗಳು. ಅವುಗಳಿಗೆ ಹಾಕುವ ಕ್ಯಾಸೆಟ್‌ಗಳ ಮೇಲೆ ಲಕ್ಷಗಟ್ಟಲೆ ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗಿದ್ದವು ಕೆಲವೇ ಆಟಗಳು. ಅವೇ ಮತ್ತೆ ಮತ್ತೆ ಬರುತ್ತಿದ್ದವು.

ಹಾಗೆ ಬರುತ್ತಿದ್ದ ಆಟಗಳಲ್ಲೊಂದು 1984ರ 'ಅರ್ಬನ್ ಚಾಂಪಿಯನ್'. ಒಂದು ಬೀದಿ, ಎದುರುಬದುರು ಇಬ್ಬರು. ಅವರ ಜಗಳಕ್ಕೆ ಕಾರಣವನ್ನು ಆಟ ಹೇಳುವುದಿಲ್ಲ. ಇಬ್ಬರ ಮುಖವೂ ಒಂದೇ, ಬಣ್ಣ ಮಾತ್ರ ಬೇರೆ. ಮೆಲ್ಲನೆಯ ಗುದ್ದು ಬೇಗ ತಲುಪುತ್ತದೆ, ಬಲವಾದ ಗುದ್ದು ತಡವಾಗಿ ತಲುಪುತ್ತದೆ. ಎದುರಾಳಿಯನ್ನು ಬೀದಿಯುದ್ದಕ್ಕೂ ಹಿಂದಕ್ಕಟ್ಟಿ ಕೊನೆಗೆ ಬಾಯ್ತೆರೆದ ಮ್ಯಾನ್‌ಹೋಲಿನೊಳಗೆ ಬೀಳಿಸಿದವನು ಗೆದ್ದಂತೆ. ಮೇಲಿನ ಕಿಟಕಿಯಿಂದ ಯಾರೋ ಹೂಕುಂಡವನ್ನು ಕೆಡವುತ್ತಾರೆ. ಅದು ಯಾರ ತಲೆಯ ಮೇಲಾದರೂ ಬೀಳಬಹುದು. ನಡುವೆ ಪೊಲೀಸ್ ಕಾರು ಬಂದರೆ ಇಬ್ಬರೂ ಹಿಂದೆ ಸರಿದು ಏನೂ ಅರಿಯದವರಂತೆ ನಿಲ್ಲುತ್ತಾರೆ. ಕಾರು ಮರೆಯಾದೊಡನೆ ಮತ್ತದೇ ಹೊಡೆದಾಟ!

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಪ್ರತಿಯೊಬ್ಬನ ಬಲವನ್ನು ಪರದೆಯ ಮೇಲೆ ಅಂಕಿಯಲ್ಲಿ ತೋರಿಸುತ್ತಾರೆ. ಆರಂಭದಲ್ಲಿ ಅದು 200. ಪೆಟ್ಟು ತಿಂದಾಗ ಈ ಅಂಕಿ ಇಳಿಯುವುದು ಸಹಜ. ಆದರೆ ಪೆಟ್ಟು ಕೊಡಲು ಕೈ ಬೀಸಿದಾಗಲೂ ಇಳಿಯುತ್ತದೆ. ಗುರಿ ತಪ್ಪಿದರೂ ಬೀಸಿದ ಬೆಲೆಯನ್ನು ಬೀಸಿದವನೇ ತೆರಬೇಕು. 1991ರಲ್ಲಿ ಬಂದು ಜಗತ್ತನ್ನೇ ಮರುಳು ಮಾಡಿದ 'ಸ್ಟ್ರೀಟ್ ಫೈಟರ್ 2'ರಲ್ಲಿ ಗಾಳಿಗೆ ಹೊಡೆದ ಗುದ್ದಿಗೆ ಬಲದ ಪಟ್ಟಿ ಇಳಿಯುವುದಿಲ್ಲ. ಬಣ್ಣ ಬೆಡಗುಗಳಲ್ಲಿ ಅದಕ್ಕಿಂತ ಎಷ್ಟೋ ಬಡವಾದ ಈ ಹಳೆಯ ಆಟ ಲೆಕ್ಕದಲ್ಲಿ ಮಾತ್ರ ಕಟ್ಟುನಿಟ್ಟು.

ಈ ಲೆಕ್ಕವನ್ನು ಬಾಲ್ಯದಲ್ಲಿಯೇ ಕಂಡ ಇಬ್ಬರು ಅಣ್ಣತಮ್ಮಂದಿರಿದ್ದರು. ದೊಡ್ಡಪ್ಪನ ಮಗ ದೇವದುರ್ಗದವನು, ಚಿಕ್ಕಪ್ಪನ ಮಗ ಮಾನ್ವಿಯವನು. ಬೇಸಿಗೆಯ ರಜೆಯಲ್ಲಿ ಇಬ್ಬರೂ ರಾಯಚೂರಿನ ಸೋದರತ್ತೆಯ ಮನೆ ಸೇರುತ್ತಿದ್ದರು. ಹೊರಗೆ ಹೆಜ್ಜೆಯಿಡಲಾಗದ ಬಿಸಿಲು, ಒಳಗೆ ಈ ಆಟ. 1985ರಿಂದ ನಾಡಿಗೆಲ್ಲ ವಿದ್ಯುತ್ ನೀಡುತ್ತಿದ್ದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಹತ್ತಿರದಲ್ಲೇ ಇದ್ದರೂ, ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ಆಟದ ನಡುವೆ ಕರೆಂಟು ಹೋಗುತ್ತಿತ್ತು. ಹಿರಿಯವನು ಒಂದೇ ಸಮನೆ ಗುಂಡಿ ಒತ್ತುವವನು. ಕಿರಿಯವನು ಕಾದು ಹೊಡೆಯುವವನು. "ಯಣ್ಣಾ, ನಾ ಹೊಡದಿಲ್ಲ, ನಿನ್ನ ಬಲ ನೀನ ಕಳಕೊಂಡಿ" ಎಂದು ಕಿರಿಯವನು ನಗುತ್ತಿದ್ದ.

ಕಾಲ ಸರಿಯಿತು. ಹಿರಿಯರು ತೀರಿಕೊಂಡ ಮೇಲೆ, ಮಾನ್ವಿ ತಾಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಪಿತ್ರಾರ್ಜಿತ ಹೊಲದ ಬದುವಿನ ಬಗ್ಗೆ ಇಬ್ಬರಲ್ಲಿ ಮಾತು ಬೆಳೆಯಿತು. ಮಾತು ವ್ಯಾಜ್ಯವಾಗಿ ರಾಯಚೂರಿನ ನ್ಯಾಯಾಲಯದ ಮೆಟ್ಟಿಲೇರಿತು. ಒಬ್ಬನು ದೇವದುರ್ಗದಿಂದ, ಇನ್ನೊಬ್ಬನು ಮಾನ್ವಿಯಿಂದ ಬಸ್ಸೇರಿ ಬರುವುದು, ಮುಖ ನೋಡದೆ ನಿಲ್ಲುವುದು, ಮುಂದಿನ ತಾರೀಖು ಪಡೆದು ಮರಳುವುದು. ನ್ಯಾಯಾಧೀಶರ ಮುಂದೆ ಇಬ್ಬರೂ ಸಜ್ಜನರು. ಊರಿಗೆ ಮರಳಿದೊಡನೆ ಮತ್ತೆ ಬೈಗುಳ. ಕುಮ್ಮಕ್ಕು ಕೊಡುವ ನೆಂಟರಿಗೂ ಕೊರತೆಯಿರಲಿಲ್ಲ. ಕಿಟಕಿಯಲ್ಲಿ ನಿಂತು ಹೂಕುಂಡ ಕೆಡವುವವರಿಗೆ ಕೆಳಗಿನವರಲ್ಲಿ ಯಾರ ತಲೆ ಒಡೆದರೇನು?

ಒಂದು ರಾತ್ರಿ ಹಿರಿಯವನು ವಕೀಲರ ಶುಲ್ಕ, ಬಸ್ಸಿನ ಖರ್ಚು, ಕೆಲಸ ಕೆಟ್ಟ ದಿನಗಳನ್ನೆಲ್ಲ ಒಂದು ವಹಿಯಲ್ಲಿ ಬರೆದು ಕೂಡಿಸಿದನು. ಬಂದ ಮೊತ್ತಕ್ಕೆ ಅಂತಹ ಬದುವಿರುವ ನೆಲವನ್ನೇ ಕೊಳ್ಳಬಹುದಾಗಿತ್ತು. ತಮ್ಮನ ಪೆಟ್ಟಿನಿಂದ ಹೋದದ್ದೆಷ್ಟು, ತಾನೇ ಕೈ ಬೀಸಿ ಕಳೆದುಕೊಂಡದ್ದೆಷ್ಟು ಎಂದು ವಿಂಗಡಿಸಿದಾಗ ಎರಡನೆಯದೇ ಹೆಚ್ಚಾಗಿತ್ತು. ಬೆಳಗಾದ ಮೇಲೆ ಅವನೇ ಮಾನ್ವಿಗೆ ಹೋಗಿ ತಮ್ಮನ ಮುಂದೆ ಆ ವಹಿಯನ್ನಿಟ್ಟನು. ತಮ್ಮನು ಒಳಗಿನಿಂದ ತನ್ನದೊಂದು ಚೀಟಿಯನ್ನು ತಂದನು. ಅದರ ಮೊತ್ತವೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ವ್ಯಾಜ್ಯವು ಮುಂದೆ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು.

ಇಲ್ಲಿ ಗೆದ್ದವರಾರು, ಸೋತವರಾರು? ಸಿಟ್ಟನ್ನು ಎದುರಿನವನ ಮೇಲೆ ಎಸೆಯುತ್ತಿದ್ದೇನೆಂದು ಮನುಷ್ಯನು ಭಾವಿಸುತ್ತಾನೆ. ಅದು ಎದುರಿನವನನ್ನು ಮುಟ್ಟಲಿ, ಬಿಡಲಿ, ಮೊದಲು ಇಳಿಯುವುದು ಎಸೆದವನ ಅಂಕಿ. ಹಾಗೆಂದು ಅನ್ಯಾಯದ ಎದುರು ಕೈಕಟ್ಟಿ ಕೂರಬೇಕೆಂದು ಇದರ ಅರ್ಥವಲ್ಲ. ಒಮ್ಮೆಯೂ ಕೈಯೆತ್ತದವನನ್ನು ಆ ಆಟವೂ ಮ್ಯಾನ್‌ಹೋಲಿಗೇ ತಳ್ಳುತ್ತದೆ. ಯಾವುದಕ್ಕೆ ಕೈಯೆತ್ತಬೇಕು, ಯಾವಾಗ ತಡೆಯಬೇಕು ಎಂಬ ವಿವೇಕವೇ ಮುಖ್ಯ.

ಆಟಕ್ಕೂ ಬಾಳಿಗೂ ಒಂದು ಅಂತರವಿದೆ. ಹೊಸ ಆಟ ಹೂಡಿದಾಗ ಪರದೆಯ ಮೇಲೆ ಮತ್ತೆ 200 ಮೂಡುತ್ತದೆ. ಆ ಅಣ್ಣತಮ್ಮಂದಿರಿಗೆ ಹೊಲ ಉಳಿಯಿತು, ಮಾತು ಮರಳಿತು. ನ್ಯಾಯಾಲಯಕ್ಕೆ ಅಲೆದ ವರ್ಷಗಳು ಮಾತ್ರ ಮರಳಲಿಲ್ಲ.